ಕಾದಾಟದ ನಡುವಿನ ನಿಲುವು: ಕಬುಕಿ ನಟರ ಮರದಚ್ಚು ಚಿತ್ರಗಳು

1794ರಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಶಾರಕು ಎಂಬ ಚಿತ್ರಕಾರನ ಹೆಸರಿನಲ್ಲಿ ಪ್ರಕಟವಾದ ಎರಡು ಮರದಚ್ಚು ಚಿತ್ರಗಳಿಂದ ಈ ಉಪನ್ಯಾಸವನ್ನು ಆರಂಭಿಸುತ್ತೇನೆ. ಒಂದರಲ್ಲಿ ಮೂರನೆಯ ಒತಾನಿ ಒನಿಜಿ (ನಟರ ಹೆಸರು ತಲೆಮಾರಿನಿಂದ ತಲೆಮಾರಿಗೆ ಸಾಗುವುದರಿಂದ ಈ ಎಣಿಕೆ) ಎಂಬ ನಟ ಎಡೊಬೆಯ್ ಎಂಬ ದುಷ್ಟ ಸೇವಕನ ಪಾತ್ರದಲ್ಲಿದ್ದಾನೆ. ಮೈ ಮುಂದಕ್ಕೆ ಬಾಗಿದೆ, ತುಟಿ ಬಿಗಿದಿದೆ, ಉಡುಪಿನ ಮಡಿಕೆಯೊಳಗಿನಿಂದ ಎರಡೂ ಅಂಗೈಗಳು ಬೆರಳು ಅಗಲಿಸಿಕೊಂಡು ಹೊರಬಂದಿವೆ. ಇನ್ನೊಂದರಲ್ಲಿ ಮೊದಲನೆಯ ಇಚಿಕಾವ ಒಮೆಜೊ ಇಪ್ಪೆಯ್ ಎಂಬ ನಿಷ್ಠಾವಂತ ಸೇವಕನಾಗಿ ಒರೆಯಿಂದ ಕತ್ತಿಯನ್ನು ಹಿರಿಯಲು ಅಣಿಯಾಗಿದ್ದಾನೆ. ಇಪ್ಪೆಯ್ ಬಳಿಯಿರುವ ಹಣವನ್ನು ಎಡೊಬೆಯ್ ದೋಚಲು ಬಂದಿರುವ ಸನ್ನಿವೇಶವಿದು. ಆ ವರ್ಷದ ಐದನೆಯ ತಿಂಗಳಲ್ಲಿ ಕವರಸಾಕಿ ರಂಗಮಂದಿರದಲ್ಲಿ ಆಡಿದ ನಾಟಕದ್ದು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಇಬ್ಬರೂ ಎದುರುಬದುರಾಗುತ್ತಾರೆ. ಆದರೆ ಯಾರೂ ಯಾರನ್ನೂ ಹೊಡೆಯುತ್ತಿಲ್ಲ, ಕತ್ತಿ ಬೀಸಿಲ್ಲ, ರಕ್ತವಿಲ್ಲ, ಹಿನ್ನೆಲೆಯಲ್ಲಿ ನದಿಯ ದಂಡೆಯೂ ಇಲ್ಲ. ಇರುವುದು ಅಭ್ರಕದ ಪುಡಿ ಬೆರೆಸಿ ಮುದ್ರಿಸಿದ, ಮಿನುಗುವ ಕಪ್ಪು ಬಯಲು ಮಾತ್ರ.

ಜಪಾನಿನ ಸಾಂಪ್ರದಾಯಿಕ ರಂಗಕಲೆಯಾದ ಕಬುಕಿಯ ನಟರ ಕಾದಾಟದ ಚಿತ್ರಗಳೆಂದು ನಾವು ಕರೆಯುವ ಸಾವಿರಾರು ಮುದ್ರಣಗಳಲ್ಲಿ ಬಹುಪಾಲು ಹೀಗೆಯೇ ಇವೆ. ಅವು ಏಟು ಬೀಳುವ ಕ್ಷಣವನ್ನು ಬಿಟ್ಟು, ಕಾದಾಟ ತಡೆದು ನಿಲ್ಲುವ ಕ್ಷಣವನ್ನು ಹಿಡಿಯುತ್ತವೆ. ಇದನ್ನು ಚಿತ್ರಕಾರರ ಅಂಜಿಕೆಯೆಂದೋ ಅಂದಿನ ತಂತ್ರದ ಮಿತಿಯೆಂದೋ ಭಾವಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದರ ಕಾರಣ ರಂಗದ ಮೇಲೆಯೇ ಇದೆ, ಆದ್ದರಿಂದ ಮೊದಲು ರಂಗದ ಮೇಲಿನ ಕಾದಾಟ ಹೇಗಿರುತ್ತದೆ ಎಂಬುದನ್ನು ನೋಡಬೇಕು.

ಕಬುಕಿಯಲ್ಲಿ ಕಾದಾಟದ ಭಾಗಕ್ಕೆ ತಾಚಿಮಾವರಿ ಎಂದು ಹೆಸರು. ಅದನ್ನು ಹೊಂದಿಸಿಕೊಡಲು ತಾತೆಶಿ ಎಂಬ ಪ್ರತ್ಯೇಕ ನಿರ್ದೇಶಕನಿರುತ್ತಾನೆ. ಅನುಭವಿ ನಟರೇ ಈ ಕೆಲಸವನ್ನು ವಹಿಸಿಕೊಳ್ಳುತ್ತಾರೆ. ಕತ್ತಿಗೆ ಕತ್ತಿ ತಾಗಿ ಖಣಿಲೆನ್ನುವುದು ಇಲ್ಲಿ ಅಪರೂಪ. ನಾಯಕ ಕತ್ತಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಗಾಳಿಯಲ್ಲಿ ಬೆಟ್ಟದ ಆಕಾರವನ್ನು ಬರೆಯುತ್ತಾನೆ, ಎದುರಾಳಿಗಳು ಅದಕ್ಕೆ ತಕ್ಕಂತೆ ಪಕ್ಕಕ್ಕೆ ಸರಿಯುತ್ತಾರೆ, ಏಟು ತಿಂದವರು ಲಾಗ ಹಾಕಿ ಬೀಳುತ್ತಾರೆ. ಪ್ರೇಕ್ಷಕರ ಬಲಗಡೆ, ರಂಗದ ಅಂಚಿನಲ್ಲಿ ಮಂಡಿಯೂರಿ ಕುಳಿತ ಒಬ್ಬಾತ ಎರಡು ಮರದ ತುಂಡುಗಳನ್ನು ಹಲಗೆಯ ಮೇಲೆ ಬಡಿಯುತ್ತಿರುತ್ತಾನೆ. ಓಟಕ್ಕೆ, ಹೊಡೆತಕ್ಕೆ, ಬೀಳುವಿಕೆಗೆ ಎಲ್ಲದಕ್ಕೂ ಆ ಬಡಿತವೇ ಸದ್ದು. ಹೀಗೆ ಸಾಗುತ್ತಿದ್ದ ಚಲನೆ ಒಂದು ಘಟ್ಟದಲ್ಲಿ ತಟ್ಟನೆ ನಿಲ್ಲುತ್ತದೆ. ನಾಯಕ ಕಾಲನ್ನು ಮುಂದಕ್ಕೆ ಊರಿ, ತಲೆಯನ್ನು ಸುತ್ತಿಸಿ ಎದುರಿಗೆ ತಂದು, ಕಣ್ಣನ್ನು ಒಳಕ್ಕೆ ತಿರುಗಿಸಿ ಕಲ್ಲಿನಂತೆ ನಿಲ್ಲುತ್ತಾನೆ. ಈ ನಿಲುವನ್ನು ಮಿಯೆ ಎನ್ನುತ್ತಾರೆ. ಹಲಗೆಯ ಬಡಿತ ಜೋರಾಗಿ ಕೇಳಿಸುತ್ತದೆ, ಸಭೆಯಿಂದ ನಟನ ಮನೆತನದ ಹೆಸರನ್ನು ಕೂಗುವ ದನಿಗಳು ಏಳುತ್ತವೆ, ಆಮೇಲೆ ಕಾದಾಟ ಮುಂದುವರಿಯುತ್ತದೆ.

ಮಿಯೆ ಕಾದಾಟದ ನಡುವಿನ ವಿರಾಮವೆಂದುಕೊಂಡರೆ ಅದರ ಬಲ ನಮಗೆ ತಿಳಿಯುವುದಿಲ್ಲ. ಜನ ಹಣ ಕೊಟ್ಟು ಬರುತ್ತಿದ್ದುದೇ ಅದನ್ನು ನೋಡಲು. ಅಷ್ಟು ಹೊತ್ತಿನ ಓಡಾಟವೆಲ್ಲ ಆ ನಿಲುವಿಗಾಗಿ ಹಾಕಿದ ಪೀಠಿಕೆ. ಹಾಗಿರುವಾಗ ನಿಂತ ಚಿತ್ರವನ್ನು ಮಾರುವ ಅಂಗಡಿಗೂ ನಿಂತ ನಟನನ್ನು ತೋರಿಸುವ ರಂಗಕ್ಕೂ ನಂಟು ಬೆಳೆದದ್ದು ಸಹಜವಾಗಿದೆ. ಶಾರಕುವಿನ ಎಡೊಬೆಯ್‌ನ ಕಣ್ಣುಗುಡ್ಡೆಗಳು ಮೂಗಿನ ಕಡೆ ಸರಿದಿರುವುದನ್ನು ಕಂಡು ವ್ಯಂಗ್ಯಚಿತ್ರವೆಂದು ನಗುವವರಿಗೆ, ರಂಗದ ಮೇಲೆ ನಟರು ನಿಜಕ್ಕೂ ಹಾಗೆ ಕಣ್ಣು ಮಾಡುತ್ತಿದ್ದರು ಎಂಬುದು ತಿಳಿದಿರುವುದಿಲ್ಲ.

ಇತಿಹಾಸವನ್ನು ಬೇಗ ದಾಟಿಬಿಡುತ್ತೇನೆ. 1603ರ ಸುಮಾರಿಗೆ ಕ್ಯೋಟೊದಲ್ಲಿ ಇಜುಮೊ ನೊ ಒಕುನಿ ಎಂಬಾಕೆಯ ನೃತ್ಯಗಳಿಂದ ಕಬುಕಿ ಆರಂಭವಾಯಿತು. 1629ರಲ್ಲಿ ಸ್ತ್ರೀಯರು ರಂಗವೇರುವುದನ್ನು ಸರ್ಕಾರ ನಿಷೇಧಿಸಿತು, 1652ರಲ್ಲಿ ಹದಿಹರೆಯದ ಹುಡುಗರನ್ನೂ ನಿಷೇಧಿಸಿತು. ಉಳಿದದ್ದು ಪ್ರಾಯಕ್ಕೆ ಬಂದ ಗಂಡಸರು ಮಾತ್ರ. ಮೊದಲನೆಯ ಇಚಿಕಾವ ದಂಜೂರೊ ಎಡೊದಲ್ಲಿ ಅರಗೊತೊ ಎಂಬ ಉಗ್ರ ಶೈಲಿಯನ್ನು ರೂಢಿಗೆ ತಂದದ್ದು ಹದಿನೇಳನೆಯ ಶತಮಾನದ ಕೊನೆಯಲ್ಲಿ. ದಪ್ಪ ಹತ್ತಿ ತುಂಬಿದ ಉಡುಪು, ಮನುಷ್ಯನಿಗಿಂತ ಉದ್ದದ ಕತ್ತಿ, ಬಿಳಿ ಮುಖದ ಮೇಲೆ ಸ್ನಾಯುಗಳ ಜಾಡಿನಲ್ಲಿ ಎಳೆದ ಕೆಂಪು ಪಟ್ಟಿಗಳು ಈ ಶೈಲಿಯ ಗುರುತು. ಕೆಂಪು ನ್ಯಾಯದ ಪಕ್ಷದ ಕೋಪವನ್ನು ಸೂಚಿಸಿದರೆ ಕಡುನೀಲಿ ಖಳರಿಗೆ ಮೀಸಲು. ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆಳೆದವರಿಗೆ ಈ ಮುಖವರ್ಣಿಕೆ ಅಪರಿಚಿತವೆನಿಸಲಾರದು, ಆದರೆ ಎರಡಕ್ಕೂ ಸಂಬಂಧ ಕಲ್ಪಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ರಂಗದ ಮೇಲೆ ಹುಸಿ ಕಾದಾಟಗಳಲ್ಲಿ ಸದಾ ಗೆಲ್ಲುತ್ತಿದ್ದ ಈ ದಂಜೂರೊ 1704ರಲ್ಲಿ ರಂಗಮಂದಿರದಲ್ಲಿಯೇ ಸಹನಟನೊಬ್ಬನ ಇರಿತಕ್ಕೆ ಬಲಿಯಾದನು.

ಅರಗೊತೊ ಶೈಲಿಗೆ ತಕ್ಕ ರೇಖೆಯನ್ನು ಕಂಡುಕೊಂಡವರು ತೊರೀ ಮನೆತನದ ಚಿತ್ರಕಾರರು. ಕಿಯೊನೊಬು ಮತ್ತು ಕಿಯೊಮಾಸು ಈ ಪಂಥದ ಮೊದಲಿಗರು. ರಂಗಮಂದಿರಗಳ ಮುಂದೆ ನೇತುಹಾಕುವ ದೊಡ್ಡ ಫಲಕಗಳನ್ನು ಬರೆಯುವುದು ಅವರ ಮನೆತನದ ವೃತ್ತಿ. ಬೀದಿಯ ಆಚೆಯಿಂದಲೂ ಕಾಣುವಂತೆ ಬರೆದು ಪಳಗಿದ ಕೈ ಅವರದು. ನಟನ ತೊಡೆ ಮತ್ತು ಮೀನಖಂಡಗಳನ್ನು ಸೋರೆಕಾಯಿಯಂತೆ ಉಬ್ಬಿಸಿ, ನಡುವೆ ಕಿರಿದುಗೊಳಿಸಿ, ಸ್ನಾಯುಗಳನ್ನು ಎರೆಹುಳುವಿನಂತೆ ಒಮ್ಮೆ ದಪ್ಪ ಒಮ್ಮೆ ತೆಳುವಾಗಿ ಸಾಗುವ ಗೆರೆಯಲ್ಲಿ ಬರೆಯುವ ಅವರ ರೀತಿಗೆ ಜಪಾನೀಯರು ಸೋರೆಕಾಲು, ಎರೆಹುಳು ಗೆರೆ ಎಂದೇ ಹೆಸರಿಟ್ಟಿದ್ದಾರೆ. ಕಿಯೊಮಾಸುವಿನ ಒಂದು ಪ್ರಸಿದ್ಧ ಚಿತ್ರದಲ್ಲಿ ದಂಜೂರೊ, ತಂದೆಯ ಕೊಲೆಗೆ ಸೇಡು ತೀರಿಸಿಕೊಂಡ ಸೊಗ ಸಹೋದರರ ಪೈಕಿ ಕಿರಿಯನಾದ ಗೊರೊನ ಪಾತ್ರದಲ್ಲಿ ಬಿದಿರನ್ನು ಬುಡಸಮೇತ ಕೀಳುತ್ತಿದ್ದಾನೆ. ಅಲ್ಲಿ ಎದುರಾಳಿಯೇ ಇಲ್ಲ. ಬಿದಿರು, ನೆಲ, ಉಬ್ಬಿದ ಮೈ ಇಷ್ಟೇ. ಅಚ್ಚಿನಲ್ಲಿ ಕಪ್ಪು ರೇಖೆ ಮಾತ್ರ ಮೂಡುತ್ತಿದ್ದ ಕಾಲವದು, ಕಿತ್ತಳೆ ಛಾಯೆಯ ಸೀಸದ ಕೆಂಪನ್ನು ಆಮೇಲೆ ಕೈಯಿಂದ ಬಳಿಯುತ್ತಿದ್ದರು. ಬಹುವರ್ಣದ ಮುದ್ರಣ ಪೂರ್ಣರೂಪಕ್ಕೆ ಬಂದ ಮೇಲೆ ರಚಿಸಿದ ಎಷ್ಟೋ ಚಿತ್ರಗಳಿಗಿಲ್ಲದ ಕಸುವು ಈ ಒರಟು ಹಾಳೆಗಳಿಗಿದೆ ಎಂದು ನನಗೆ ಅನ್ನಿಸುತ್ತದೆ.

ತೊರೀ ಚಿತ್ರಕಾರರು ಮತ್ತೆ ಮತ್ತೆ ಬರೆದ ಇನ್ನೊಂದು ವಸ್ತು ಕವಚದ ಜಗ್ಗಾಟ. ಶತ್ರುವಿನ ಕಡೆಗೆ ನುಗ್ಗಲು ಹೊರಟ ಗೊರೊನನ್ನು ಅಸಹಿನ ಎಂಬ ಬಲಶಾಲಿ ಅವನ ಕವಚದ ಕೆಳಅಂಚನ್ನು ಹಿಡಿದು ತಡೆಯುತ್ತಾನೆ. ಇಬ್ಬರೂ ಸಮಬಲರು, ಇಬ್ಬರೂ ಜಗ್ಗುತ್ತಿರುವುದರಿಂದ ಇಬ್ಬರೂ ಇದ್ದಲ್ಲೇ ಇರುತ್ತಾರೆ. ನಿಂತ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕಾದಾಟ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ಬಲವೆಲ್ಲ ನಿಶ್ಚಲತೆಯಲ್ಲಿಯೇ ವ್ಯಕ್ತವಾಗುತ್ತದೆ. 1746ರ ಒಂದು ನಾಟಕದಲ್ಲಿ ಬರುವ ರಥದ ಜಗಳದ ದೃಶ್ಯವೂ ಇದೇ ಜಾತಿಯದು. ಬೇರೆ ಬೇರೆ ಒಡೆಯರಿಗೆ ನಿಷ್ಠರಾಗಿರುವ ಮೂವರು ತ್ರಿವಳಿ ಸಹೋದರರು ಒಂದೇ ರಥದ ಸುತ್ತ ಸೆಣಸುವ ಆ ದೃಶ್ಯದ ಅಚ್ಚುಗಳು ಮುಂದಿನ ನೂರೈವತ್ತು ವರ್ಷ ಬರುತ್ತಲೇ ಇದ್ದವು.

ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಚಿತ್ರದಲ್ಲಿರುವ ನಟ ಯಾರೆಂದು ತಿಳಿಯಲು ಉಡುಪಿನ ಮೇಲಿನ ಮನೆತನದ ಚಿಹ್ನೆಯನ್ನೋ ಬರೆದ ಹೆಸರನ್ನೋ ನೋಡಬೇಕಾಗಿತ್ತು. ಮುಖಗಳು ಹೆಚ್ಚುಕಡಿಮೆ ಒಂದೇ. 1765ರ ಸುಮಾರಿಗೆ ಬಹುವರ್ಣದ ಮುದ್ರಣ ಬಂದ ಬೆನ್ನಲ್ಲೇ ಕತ್ಸುಕಾವ ಶುನ್‌ಶೊ ಇದನ್ನು ಬದಲಾಯಿಸಿದನು. 1770ರಲ್ಲಿ ಅವನು ಇಪ್ಪಿತ್ಸುಸೈ ಬುಂಚೊನೊಂದಿಗೆ ಸೇರಿ ಹೊರತಂದ ಚಿತ್ರಪುಸ್ತಕದಲ್ಲಿ ಒಬ್ಬೊಬ್ಬ ನಟನ ಮೂಗು, ದವಡೆ, ಕಣ್ಣಿನ ಓರೆ ಬೇರೆ ಬೇರೆಯಾಗಿ ಕಾಣಿಸುತ್ತವೆ. ಅಲ್ಲಿಂದ ಮುಂದೆ ಕಾದಾಟದ ಚಿತ್ರಕ್ಕೆ ಎರಡು ಪದರ ಬಂದವು. ಪಾತ್ರಗಳಿಬ್ಬರ ಹಗೆ ಒಂದು, ಅದರ ಅಡಿಯಲ್ಲಿ ಜನಪ್ರೀತಿಗಾಗಿ ಸ್ಪರ್ಧಿಸುವ ಇಬ್ಬರು ನಟರ ಪೈಪೋಟಿ ಇನ್ನೊಂದು. ಕೊಳ್ಳುವವರು ಎರಡನ್ನೂ ಓದುತ್ತಿದ್ದರು.

ಶುನ್‌ಶೊ ಮತ್ತು ಅವನ ಶಿಷ್ಯರು ಹೆಚ್ಚಾಗಿ ಬಳಸಿದ್ದು ಸುಮಾರು 33 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲದ ಕಿರಿದಾದ ಹಾಳೆಯನ್ನು. ಒಂದು ಹಾಳೆಯಲ್ಲಿ ಒಬ್ಬನೇ ನಟ. ಎರಡು, ಮೂರು, ಕೆಲವೊಮ್ಮೆ ಐದು ಹಾಳೆಗಳನ್ನು ಜೋಡಿಸಿದರೆ ಪೂರ್ತಿ ದೃಶ್ಯ ಮೂಡುತ್ತಿತ್ತು, ಆದರೆ ಪ್ರತಿ ಹಾಳೆಯೂ ಬಿಡಿಯಾಗಿಯೂ ಮಾರಾಟಕ್ಕಿತ್ತು. ತನ್ನ ನೆಚ್ಚಿನ ನಟನ ಹಾಳೆಯನ್ನು ಮಾತ್ರ ಕೊಂಡ ಅಭಿಮಾನಿ ಎದುರಾಳಿಯನ್ನು ಅಂಗಡಿಯಲ್ಲಿಯೇ ಬಿಟ್ಟುಬರುತ್ತಿದ್ದ. ಇದರ ಪರಿಣಾಮ ಇಂದಿನ ವಸ್ತುಸಂಗ್ರಹಾಲಯಗಳಲ್ಲಿ ಕಾಣುತ್ತದೆ. ಕತ್ತಿ ಹಿರಿದ ಎಷ್ಟೋ ವೀರರು ಬರಿಯ ಹಾಳೆಯ ಅಂಚನ್ನು ದುರುಗುಟ್ಟಿ ನೋಡುತ್ತ ನಿಂತಿದ್ದಾರೆ. ಒಂದು ಹಾಳೆಯಲ್ಲಿ ಅರ್ಧಕ್ಕೆ ತುಂಡಾದ ಪೈನ್ ಕೊಂಬೆ, ಬೇಲಿ ಅಥವಾ ತೊರೆ ಇನ್ನಾವುದೋ ದೇಶದಲ್ಲಿರುವ ಹಾಳೆಯಲ್ಲಿ ಮುಂದುವರಿಯುವುದನ್ನು ಗಮನಿಸಿ ವಿದ್ವಾಂಸರು ಅಗಲಿದ ಎದುರಾಳಿಗಳನ್ನು ಮತ್ತೆ ಒಂದುಗೂಡಿಸುತ್ತ ಬಂದಿದ್ದಾರೆ. ವಸೆದ ವಿಶ್ವವಿದ್ಯಾಲಯದ ರಂಗಭೂಮಿ ವಸ್ತುಸಂಗ್ರಹಾಲಯದಲ್ಲಿ 40,000ಕ್ಕೂ ಹೆಚ್ಚು ನಟರ ಅಚ್ಚುಗಳಿದ್ದು, ಇಂತಹ ಕೆಲಸಕ್ಕೆ ಅದು ದೊಡ್ಡ ಆಸರೆಯಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಅಚ್ಚುಗಳನ್ನು ರಂಗಪ್ರಯೋಗದ ದಾಖಲೆಗಳೆಂದು ನಂಬುವ ಮುನ್ನ ಅವು ತಯಾರಾಗುತ್ತಿದ್ದ ಕ್ರಮವನ್ನು ನೆನಪಿಡಬೇಕು. ಪ್ರಯೋಗ ಆರಂಭವಾದ ದಿನವೇ ಚಿತ್ರ ಅಂಗಡಿಯಲ್ಲಿದ್ದರೆ ವ್ಯಾಪಾರ ಚೆನ್ನ. ಹಾಗಾಗಿ ಪ್ರಕಾಶಕರು ಎಷ್ಟೋ ವೇಳೆ ಮುಂಚಿತವಾಗಿಯೇ ಚಿತ್ರ ಬರೆಸುತ್ತಿದ್ದರು. ಯಾರಿಗೆ ಯಾವ ಪಾತ್ರ ಎಂಬ ಸುದ್ದಿ, ಹಿಂದಿನ ಪ್ರಯೋಗದ ನೆನಪು, ನಟನ ಮುಖದ ಪರಿಚಯ, ಇವಿಷ್ಟೇ ಚಿತ್ರಕಾರನ ಕೈಯಲ್ಲಿದ್ದ ಸಾಮಗ್ರಿ. ಆಮೇಲೆ ಪಾತ್ರ ಬದಲಾದರೆ, ಉಡುಪು ಬೇರೆಯಾದರೆ ಚಿತ್ರ ಹಾಗೆಯೇ ಉಳಿಯುತ್ತಿತ್ತು. ಎಂದೂ ಒಟ್ಟಿಗೆ ಆಡದ ನಟರನ್ನು ಕಲ್ಪನೆಯಿಂದ ಒಂದೇ ಕಾದಾಟದಲ್ಲಿ ನಿಲ್ಲಿಸಿದ ಚಿತ್ರಗಳೂ ಇವೆ.

ಬರೆದವನ ಹೆಸರು ಹಾಳೆಯ ಮೇಲೆ ಎದ್ದು ಕಂಡರೂ ಇದು ಒಬ್ಬನ ಕೆಲಸವಾಗಿರಲಿಲ್ಲ. ಪ್ರಕಾಶಕ ಹಣ ಹೂಡುತ್ತಿದ್ದ. ಶಾರಕುವಿನ ಬೆನ್ನಿಗಿದ್ದವನು ತ್ಸುತಾಯ ಜೂಜಬುರೊ. ಚಿತ್ರಕಾರನ ತೆಳುಹಾಳೆಯನ್ನು ಕೆತ್ತುವವನು ಕಾಡು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಯನ್ನು ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುತ್ತಿದ್ದ. ಕೆತ್ತುವವರಲ್ಲಿಯೂ ದರ್ಜೆಗಳಿದ್ದವು. ಮೈ ಮತ್ತು ಉಡುಪನ್ನು ಕಿರಿಯರಿಗೆ ಬಿಟ್ಟು, ಮುಖ ಮತ್ತು ಕೂದಲನ್ನು ಪಳಗಿದ ಹಿರಿಯನೇ ಕೆತ್ತುತ್ತಿದ್ದ. ಕಾದಾಟದ ಚಿತ್ರದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ನಾಯಕ ಹಾದಿಯ ಕೊನೆಗೆ ಬಂದಿದ್ದಾನೆಂಬುದನ್ನು ಕಬುಕಿ ತೋರಿಸುವುದು ಗಾಯದಿಂದಲ್ಲ, ಬಿಚ್ಚಿ ಭುಜದ ಮೇಲೆ ಕೆದರಿದ ಜುಟ್ಟಿನಿಂದ. ಹಣೆಯಂಚಿನಲ್ಲಿ ಒಂದೊಂದಾಗಿ ಏಳುವ ಕೂದಲನ್ನು ಮರದಲ್ಲಿ ಉಳಿಸುವುದೆಂದರೆ, ಎರಡು ಎಳೆಗಳ ನಡುವಿನ ಮರವನ್ನು ಚೂರಿಯ ಮೊನೆಯಿಂದ ತೆಗೆಯುತ್ತ ಹೋಗುವುದು. ಬಳಿಕ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ; ಬಣ್ಣಗಳು ಆಚೀಚೆ ಜರುಗದಂತೆ ಪ್ರತಿ ಹಲಗೆಯ ಮೂಲೆಯಲ್ಲಿ ಗುರುತಿನ ಕಚ್ಚು. ಮುದ್ರಿಸುವವನು ಹಾಳೆಯನ್ನು ಹಲಗೆಯ ಮೇಲಿಟ್ಟು, ಬಿದಿರಿನ ಎಲೆಪೊರೆ ಸುತ್ತಿದ ದುಂಡು ಬಿಲ್ಲೆಯಿಂದ ಹಿಂಬದಿಯನ್ನು ಉಜ್ಜುತ್ತಿದ್ದ. ಯಂತ್ರದ ಒತ್ತಡವಿಲ್ಲದೆ ಕೈಬಲದಿಂದಲೇ ಇಷ್ಟೂ ನಡೆಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನ ಉತಗಾವ ಪಂಥದ್ದು. ತೊಯೊಕುನಿ, ಅವನ ಶಿಷ್ಯರಾದ ಕುನಿಸಾದ ಮತ್ತು ಕುನಿಯೊಶಿ, ಕುನಿಸಾದನ ಶಿಷ್ಯ ಕುನಿಚಿಕ, ಹೀಗೆ ನಟರ ಚಿತ್ರಗಳ ಮಾರುಕಟ್ಟೆ ಒಂದೇ ಗುರುಪರಂಪರೆಯ ಹಿಡಿತದಲ್ಲಿತ್ತು. ಹಾಳೆ ಈಗ ಸುಮಾರು 38 ಸೆಂಟಿಮೀಟರ್ ಎತ್ತರ, 26 ಸೆಂಟಿಮೀಟರ್ ಅಗಲಕ್ಕೆ ಬೆಳೆದಿತ್ತು, ಮೂರು ಹಾಳೆಗಳ ಜೋಡಣೆ ರೂಢಿಯಾಗಿತ್ತು. ನಡುವೆ ನಾಯಕ, ಎರಡು ಬದಿಗಳಲ್ಲಿ ಮುಗಿಬೀಳುವವರು ಎಂಬುದು ಇದರ ಸಿದ್ಧ ಮಾದರಿ, ಮತ್ತು ಇದರಲ್ಲಿ ಬೇಸರ ತರಿಸುವಷ್ಟು ಪುನರಾವರ್ತನೆಯೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕುನಿಸಾದ ಬರೆದುಹಾಕಿದ ಚಿತ್ರಗಳ ರಾಶಿಯಲ್ಲಿ ಒಳ್ಳೆಯದನ್ನು ಹೆಕ್ಕಲು ತಾಳ್ಮೆ ಬೇಕು.

1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ತೆಂಪೊ ಸುಧಾರಣೆಗಳೆಂದು ಹೆಸರಾದ ಮಿತವ್ಯಯದ ಆಜ್ಞೆಗಳ ಭಾಗವಿದು. ರಂಗಮಂದಿರಗಳನ್ನು ನಗರದ ನಡುವಿನಿಂದ ಅಸಕುಸ ಕಡೆಗೆ ಎಬ್ಬಿಸಲಾಯಿತು, ಅದೇ ವರ್ಷ ಏಳನೆಯ ದಂಜೂರೊನನ್ನು ಎಡೊದಿಂದ ಗಡಿಪಾರು ಮಾಡಲಾಯಿತು. ಅವನ ವೈಭೋಗದ ಮೇಲಿನ ಆರೋಪಗಳಲ್ಲಿ ರಂಗದ ಮೇಲೆ ನಿಜವಾದ ಕವಚ ಬಳಸಿದ್ದೂ ಒಂದು. ಕೆಲವು ವರ್ಷಗಳಲ್ಲಿ ನಟರ ಚಿತ್ರಗಳು ಮತ್ತೆ ಬಂದವಾದರೂ ಬಹಳ ಕಾಲ ಅವುಗಳ ಮೇಲೆ ನಟನ ಹೆಸರಿರುತ್ತಿರಲಿಲ್ಲ, ಪಾತ್ರದ ಹೆಸರು ಮಾತ್ರ. ಮುಖ ನೋಡಿಯೇ ಜನ ಗುರುತು ಹಿಡಿಯುತ್ತಿದ್ದರು. ಕುನಿಯೊಶಿಯಂತೂ 1847ರ ಸುಮಾರಿಗೆ ಉಗ್ರಾಣದ ಗೋಡೆಯ ಮೇಲೆ ಪೋಲಿ ಹುಡುಗರು ಗೀಚಿದಂತೆ ನಟರ ಮುಖಗಳನ್ನು ಬರೆದು, ನಿಷೇಧವನ್ನೇ ಅಣಕಿಸಿದನು.

ಈ ಕಾಲದ ಮುದ್ರಣಗಳಲ್ಲಿ ಕಾಣುವ ಕಾದಾಟದ ದೃಶ್ಯಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು 1745ರ ಒಂದು ಒಸಾಕಾ ನಾಟಕದಲ್ಲಿ ಬರುವ ಕೊಲೆ. ದಂಶಿಚಿ ಎಂಬ ಮೀನು ವ್ಯಾಪಾರಿ ಹಣದಾಸೆಯ ಮಾವನ ಅವಮಾನಗಳನ್ನು ಸಹಿಸಿ ಸಹಿಸಿ, ಕೊನೆಗೆ ಬೇಸಿಗೆಯ ಹಬ್ಬದ ಮೆರವಣಿಗೆಯ ವಾದ್ಯಘೋಷ ಬೇಲಿಯಾಚೆ ಕೇಳುತ್ತಿರುವಾಗ ಕೆಸರಿನಲ್ಲಿ ಅವನನ್ನು ಕೊಲ್ಲುತ್ತಾನೆ. ರಂಗದ ಮೇಲೆ ನಿಜವಾದ ಕೆಸರು, ಬಾವಿಯ ಪಕ್ಕದಲ್ಲಿ ನಿಜವಾದ ನೀರು. ಕೊಲೆ ಮುಂದುವರಿಯುತ್ತಿದ್ದಂತೆ ದಂಶಿಚಿ ಒಂದರ ಹಿಂದೊಂದು ನಿಲುವನ್ನು ತಾಳುತ್ತ ಹೋಗುತ್ತಾನೆ, ಮೈತುಂಬ ಹಚ್ಚೆ, ಕೆಂಪು ಲಂಗೋಟಿ, ಬಿಚ್ಚಿದ ಜುಟ್ಟು. ಮಾವನ ಕೊಲೆ ಮಹಾಪಾಪವೆಂದು ಎಲ್ಲರಿಗೂ ಗೊತ್ತು. ಆದರೂ ಆ ನಿಲುವುಗಳು ಸುಂದರವಾಗಿವೆ. ಮುದ್ರಣಗಳು ಈ ಇಕ್ಕಟ್ಟನ್ನು ರಂಗಕ್ಕಿಂತ ಹೆಚ್ಚು ತೀವ್ರವಾಗಿಸುತ್ತವೆ. ರಂಗದ ಮೇಲೆ ಒಂದು ನಿಲುವು ಕರಗಿ ಕೊಲೆ ಮುಂದಕ್ಕೆ ಸಾಗುತ್ತದೆ, ಹಾಳೆಯ ಮೇಲಾದರೋ ನೀಲಿ ಹಚ್ಚೆಯ ಆ ಮೈಯನ್ನು ನಾವು ಬಯಸಿದಷ್ಟು ಹೊತ್ತು ಮೆಚ್ಚಿ ನೋಡುತ್ತ ಕುಳಿತುಬಿಡಬಹುದು. 1866 ಮತ್ತು 1867ರಲ್ಲಿ ಕುನಿಯೊಶಿಯ ಶಿಷ್ಯರಾದ ಯೊಶಿತೊಶಿ ಮತ್ತು ಯೊಶಿಇಕು ಕೊಲೆಗಳ ಸರಣಿಯೊಂದನ್ನು ಬರೆದಾಗ ಕೆಂಪಿಗೆ ಅಂಟು ಬೆರೆಸಿ ರಕ್ತ ಹಸಿಯಾಗಿ ಹೊಳೆಯುವಂತೆ ಮುದ್ರಿಸಲಾಯಿತು. ರಕ್ತವನ್ನು ಮುಚ್ಚಿಡುತ್ತಿದ್ದ ಪರಂಪರೆ ಅಲ್ಲಿ ಮುರಿಯಿತು, ಮತ್ತು ಅದರಿಂದ ಚಿತ್ರದ ಬಿಗಿ ಹೆಚ್ಚಿತೆಂದು ನಾನು ಹೇಳಲಾರೆ.

ಕಾದಾಟವನ್ನು ನೆಲದಿಂದ ಛಾವಣಿಗೆ ಏರಿಸಿದ ನಾಟಕಗಳು ಚಿತ್ರಕಾರರಿಗೆ ಹೊಸ ಸವಾಲನ್ನು ಒಡ್ಡಿದವು. 1862ರಲ್ಲಿ ಇಚಿಮುರ ರಂಗಮಂದಿರದಲ್ಲಿ ಪ್ರಯೋಗವಾದ, ಕವತಾಕೆ ಮೊಕುಆಮಿ ರಚಿಸಿದ ಐವರು ಕಳ್ಳರ ನಾಟಕದಲ್ಲಿ ಬೆಂತೆನ್ ಎಂಬ ಕಳ್ಳ ದೇವಾಲಯದ ಹೆಬ್ಬಾಗಿಲಿನ ಛಾವಣಿಯ ಮೇಲೆ ತನ್ನನ್ನು ಹಿಡಿಯಲು ಬಂದವರೊಡನೆ ಬಹು ಹೊತ್ತು ಸೆಣಸಿ, ಅಲ್ಲಿಯೇ ಹೊಟ್ಟೆ ಸೀಳಿಕೊಂಡು ಸಾಯುತ್ತಾನೆ. ಆಗ ಇಡೀ ಛಾವಣಿ ಹಿಂದಕ್ಕೆ ಮಗುಚಿಕೊಂಡು ಅದರ ಅಡಿಯಿಂದ ಮುಂದಿನ ದೃಶ್ಯ ಹೊರಬರುತ್ತದೆ. ಕುನಿಸಾದ ಅದಕ್ಕೆ ಎರಡು ವರ್ಷ ಮೊದಲು ಬರೆದ ನಟರ ಚಿತ್ರಗಳೇ ಈ ನಾಟಕಕ್ಕೆ ಪ್ರೇರಣೆಯಾದವೆಂದು ಹೇಳಲಾಗುತ್ತದೆ. ರಂಗ ಚಿತ್ರಕ್ಕೆ ವಸ್ತು ಕೊಡುತ್ತಿದ್ದ ಕ್ರಮ ಇಲ್ಲಿ ತಿರುವುಮುರುವಾಯಿತು. ಛಾವಣಿಯ ಕಾದಾಟಕ್ಕೆ ಅಡ್ಡಲಾಗಿ ಜೋಡಿಸಿದ ಮೂರು ಹಾಳೆಗಳು ಸಾಲವು, ಎತ್ತರ ಬೇಕು. ಯೊಶಿತೊಶಿ 1885ರಲ್ಲಿ ಎರಡು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಎಂಟು ನಾಯಿವೀರರ ಕಥೆಯ ಶಿನೊ ಮತ್ತು ಗೆಂಪಾಚಿಯರನ್ನು ಕಡಿದಾದ ಛಾವಣಿಯ ಮೇಲೆ ಮೇಲೊಬ್ಬ ಕೆಳಗೊಬ್ಬನಾಗಿ ನಿಲ್ಲಿಸಿದನು. ಅದು ನಟರ ಚಿತ್ರವಾಗಿರದೆ ಕಥೆಯ ಚಿತ್ರ. ಆದರೆ ಆ ಮೈಗಳ ತಿರುವೆಲ್ಲ ರಂಗದಿಂದಲೇ ಬಂದದ್ದು.

1868ರ ನಂತರದ ಮೇಜಿ ಕಾಲದಲ್ಲಿ ಆಮದಾದ ರಾಸಾಯನಿಕ ಬಣ್ಣಗಳು ಬಂದವು, ಕೆಂಪು ಮತ್ತು ನೇರಳೆ ಕಣ್ಣು ಕುಕ್ಕುವಷ್ಟು ಗಾಢವಾದವು. ಕುನಿಚಿಕ ಮೂರು ಹಾಳೆಗಳ ಅಗಲಕ್ಕೂ ಒಬ್ಬನೇ ನಟನ ಅರ್ಧದೇಹವನ್ನು ಹರಡುವ ಧೈರ್ಯ ಮಾಡಿದನು. ಎದುರಾಳಿ ಹಾಳೆಯ ಹೊರಗೆಲ್ಲೋ ಇದ್ದಾನೆಂದು ನಾವೇ ಊಹಿಸಿಕೊಳ್ಳಬೇಕು. ಅದೇ ಹೊತ್ತಿಗೆ ಒಂಬತ್ತನೆಯ ದಂಜೂರೊ ಇತಿಹಾಸಕ್ಕೆ ನಿಷ್ಠವಾದ, ಅತಿರೇಕವಿಲ್ಲದ ಅಭಿನಯದ ಪ್ರಯೋಗಗಳನ್ನು ಮಾಡುತ್ತಿದ್ದನು, ಪ್ರೇಕ್ಷಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ನಟರು ಛಾಯಾಚಿತ್ರದ ಸ್ಟುಡಿಯೋಗಳಿಗೂ ಹೋಗತೊಡಗಿದ್ದರು. ಅಂದಿನ ಕ್ಯಾಮೆರಾದ ಮುಂದೆ ಅಲುಗಾಡದೆ ನಿಲ್ಲಬೇಕಾಗಿದ್ದುದರಿಂದ ಆ ಛಾಯಾಚಿತ್ರಗಳಲ್ಲಿಯೂ ಉಳಿದದ್ದು ನಿಲುವುಗಳೇ.

1899ರಲ್ಲಿ ಚಲನೆಯೂ ದಾಖಲಾಯಿತು. ಶಿಬಾತ ತ್ಸುನೆಕಿಚಿ ಎಂಬಾತ ಟೋಕಿಯೊದ ಕಬುಕಿ ರಂಗಮಂದಿರದ ಹಿಂಬದಿಯ ಬಯಲಿನಲ್ಲಿ ‘ಮೊಮಿಜಿಗಾರಿ’ ಎಂಬ ನಾಟಕದ ಕೆಲವು ನಿಮಿಷಗಳನ್ನು ಚಲನಚಿತ್ರವಾಗಿ ಸೆರೆಹಿಡಿದನು. ರಾಜಕುಮಾರಿಯ ರೂಪದಲ್ಲಿ ಬಂದ ರಾಕ್ಷಸಿಯಾಗಿ ಒಂಬತ್ತನೆಯ ದಂಜೂರೊ, ಅವಳೊಡನೆ ಹೋರಾಡುವ ಯೋಧ ಕೊರೆಮೊಚಿಯಾಗಿ ಐದನೆಯ ಒನೊಯೆ ಕಿಕುಗೊರೊ. ಈ ಕಿಕುಗೊರೊ ಮೂವತ್ತೇಳು ವರ್ಷಗಳ ಹಿಂದೆ ಬೇರೆ ಹೆಸರಿನಲ್ಲಿ ಬೆಂತೆನ್‌ನ ಪಾತ್ರವನ್ನು ಮೊದಲು ಆಡಿದವನೇ. ಚಿತ್ರೀಕರಣದ ದಿನ ಗಾಳಿ ಜೋರಾಗಿತ್ತು. ನೃತ್ಯದ ನಡುವೆ ದಂಜೂರೊನ ಕೈಯಿಂದ ಬೀಸಣಿಗೆ ಹಾರಿಹೋಯಿತು. ಮತ್ತೆ ಚಿತ್ರೀಕರಿಸಲು ಆಗಲಿಲ್ಲ, ಆದ್ದರಿಂದ ಅದು ಹಾಗೆಯೇ ಉಳಿಯಿತು. ತಾನು ಬದುಕಿರುವವರೆಗೆ ಇದನ್ನು ಸಾರ್ವಜನಿಕರಿಗೆ ತೋರಿಸಬಾರದೆಂಬ ಷರತ್ತನ್ನು ದಂಜೂರೊ ಹಾಕಿದ್ದನು.